ಚೌಕಟ್ಟಿನ ಮೇಲೆ ಕೈಯಿಟ್ಟು ಹೇಳುವ ಮಾತು

ರಂಗಂಪೇಟೆಯ ನಮ್ಮ ದವಾಖಾನೆಯ ಬಾಗಿಲ ಚೌಕಟ್ಟಿನಲ್ಲಿ, ಎದೆಯ ಎತ್ತರಕ್ಕೆ, ಅಂಗೈಯಗಲದ ಒಂದು ಜಾಗವಿದೆ. ಅಲ್ಲಿ ಬಣ್ಣ ನಿಲ್ಲುವುದಿಲ್ಲ. ದೀಪಾವಳಿಗೆ ಹಸಿರು ಹಚ್ಚಿಸಿದರೆ ಯುಗಾದಿಯ ಹೊತ್ತಿಗೆ ಕಟ್ಟಿಗೆ ಮತ್ತೆ ಹಲ್ಲು ಕಿಸಿದಿರುತ್ತದೆ. ಬಣ್ಣ ಹಚ್ಚುವ ಹಣಮಂತ ಮರ ಕಳಪೆ ಎನ್ನುತ್ತಾನೆ, ನಾನು ಬಣ್ಣ ಕಳಪೆ ಎನ್ನುತ್ತೇನೆ. ನಿಜವಾದ ಕಾರಣ ಬೇರೆಯೇ. ನಮ್ಮ ರೋಗಿಗಳು ತಮ್ಮ ಜಡ್ಡನ್ನು ಸ್ಟೂಲಿನ ಮೇಲೆ ಕೂತು ಹೇಳುವವರಲ್ಲ. ಕೂತಷ್ಟು ಹೊತ್ತು ಮೊಣಕಾಲು, ನೆಗಡಿ, ಮಳೆಯ ಸುದ್ದಿಯೆಲ್ಲ ಮುಗಿಸಿ, "ಬರ್ತೀನ್ರಿ" ಎಂದು ಎದ್ದು, ಹೊಸ್ತಿಲ ತನಕ ಹೋಗಿ, ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತು, "ಮತ್ತೇನಿಲ್ರಿ..." ಎಂದು ಶುರುಮಾಡುತ್ತಾರೆ. ಅವರು ಬಂದದ್ದೇ ಆ ಮಾತಿಗಾಗಿ.

ನಾನು ಶಹಾಪುರದವಳು, ಈ ದವಾಖಾನೆಯ ಡಾಕ್ಟರು. ಹೃದಯಕ್ಕೆ ನಾಲ್ಕು ಕೋಣೆಗಳಿವೆಯೆಂದು ಕಾಲೇಜಿನಲ್ಲಿ ಕಲಿಸಿದರು. ಅದರ ಬಾಗಿಲು ದವಾಖಾನೆಯ ಬಾಗಿಲಲ್ಲಿದೆಯೆಂದು ಯಾರೂ ಕಲಿಸಲಿಲ್ಲ. ಕೆನಾಲಿನ ಕೆಲಸಕ್ಕೆಂದು ಹುಣಸಗಿಯ ಕಡೆಯಿಂದಲೋ ಬಳಿಚಕ್ರದಿಂದಲೋ ಬಂದು, ಕೆಲಸ ಮುಗಿದ ಮೇಲೂ ಪೇಟೆಯ ಅಂಚಿನ ತಗಡಿನ ಮನೆಗಳಲ್ಲಿ ಉಳಿದುಬಿಟ್ಟ ಜನರೇ ನಮ್ಮ ರೋಗಿಗಳು. ಕೆನಾಲಿಗೆ ನೀರು ಬಿಟ್ಟರೆಂದರೆ ಇಡೀ ಓಣಿ ಭತ್ತದ ನಾಟಿಗೆ ಹೋಗಿ ದವಾಖಾನೆ ಭಣಗುಟ್ಟುತ್ತದೆ. ನೀರು ನಿಂತ ಕೂಡಲೇ ಅಷ್ಟು ದಿನ ತಡೆದಿಟ್ಟುಕೊಂಡ ಬೇನೆಗಳೆಲ್ಲ ಒಟ್ಟಿಗೆ ಬಂದು ಬೆಂಚಿನ ಮೇಲೆ ಕೂರುತ್ತವೆ. ಇಂಥ ಕಡೆ ಮನೆಯ ಡಾಕ್ಟರಾಗಿ ಕೆಲಸ ಮಾಡುವುದು ಹೇಗೆಂದು ಕಲಿಯಲು ಎಳೆಯ ಡಾಕ್ಟರುಗಳನ್ನು ನನ್ನ ಬಳಿ ಕಳಿಸುತ್ತಾರೆ. ಅವರು ಬರುತ್ತಾರೆ, ಕಲಿಯುತ್ತಾರೆ, ಕಣ್ಣು ಒದ್ದೆ ಮಾಡಿಕೊಂಡು ನಮಸ್ಕರಿಸಿ ದೊಡ್ಡ ಊರುಗಳಿಗೆ ಹೋಗುತ್ತಾರೆ. ಅತ್ತ ನನ್ನ ಮೊಣಕಾಲುಗಳು ನೌಕರಿ ಬಿಡುವ ಮಾತಾಡತೊಡಗಿದ್ದವು. ನನ್ನ ಕುರ್ಚಿಗೆ ಒಬ್ಬರು ಸಿಗದಿದ್ದರೆ ಈ ಬಾಗಿಲಿಗೆ ಕೀಲಿ ಬೀಳುವುದು ಖಂಡಿತವಾಗಿತ್ತು.

ಆಗ ಬಂದವಳು ಮೈಸೂರಿನ ವಿನುತಾ. ಬರುವ ಮೊದಲೇ ನಮ್ಮ ಕಡೆಯ ಭಾಷೆ ವಿಚಾರಿಸಿಕೊಂಡು ಬಂದಿದ್ದಳು, ಪಾಪ. ಇಲ್ಲಿ ಆರೋಗ್ಯಕ್ಕೆ 'ಆರಾಮ' ಎನ್ನುತ್ತಾರೆಂದು ಯಾರೋ ಹೇಳಿಕೊಟ್ಟಿದ್ದರು. ಮೊದಲ ದಿನ ಸ್ಟೂಲಿಗೆ ಬಂದವರನ್ನೆಲ್ಲ "ಆರಾಮ ಇದ್ದೀರಾ?" ಎಂದು ಕೇಳಿದಳು. ನಮ್ಮಲ್ಲಿ ಆ ಪ್ರಶ್ನೆಗೆ "ಆರಾಮ್ರಿ" ಎಂಬುದೊಂದೇ ಉತ್ತರ; ಜ್ವರ ಬಂದವನು ಕೂಡ ಮೊದಲು ಆರಾಮ ಎಂದು ಆಮೇಲೆ ನಡುಗುತ್ತಾನೆ. ಅದು ಮರ್ಯಾದೆಯ ಮಾತು, ದೇಹಸ್ಥಿತಿಯ ವರದಿಯಲ್ಲ. ವಿನುತಾ ಎಲ್ಲರಿಗೂ ಸೊಪ್ಪು ತಿನ್ನಿ, ನೀರು ಕುಡಿಯಿರಿ ಎಂದು ಹೇಳಿ ಕಳಿಸಿ, ಮಧ್ಯಾಹ್ನ ನನ್ನ ಬಳಿ ಬಂದು, "ಮೇಡಂ, ಈ ಊರಲ್ಲಿ ಯಾರಿಗೂ ಕಾಯಿಲೆನೇ ಇಲ್ಲ" ಎಂದಳು. ಹೊರಗೆ ಬೆಂಚಿನ ಮೇಲೆ ಅವಳು ಗುಣಪಡಿಸಿದ ಅಷ್ಟೂ ಜನ ಕೆಮ್ಮುತ್ತ ಕೂತಿದ್ದರು.

ಅವರಲ್ಲಿ ಒಬ್ಬಳು ಮಲ್ಲಮ್ಮ, ಕುರಿ ಕಾಯುವ ಮನೆತನದವಳು. ಅವಳ ರಕ್ತದೊತ್ತಡ ಏನು ಮಾಡಿದರೂ ಇಳಿಯಲೊಲ್ಲದು. ವಿನುತಾ ಉಪ್ಪು ಬಿಡಿಸಿದಳು, ಹಪ್ಪಳ ಬಿಡಿಸಿದಳು, ಕೊನೆಗೆ ಒತ್ತಡ ನೋಡುವ ಯಂತ್ರದ ಮೇಲೇ ಅನುಮಾನಪಟ್ಟು ಬೇರೊಂದನ್ನು ತರಿಸಿದಳು. ಮಲ್ಲಮ್ಮ ಪ್ರತಿ ಸಲವೂ ಬಾಗಿಲಲ್ಲಿ ನಿಂತು "ಮತ್ತೇನಿಲ್ರಿ..." ಎನ್ನುವಳು, ಮೈಸೂರಿನಲ್ಲಿ ಮತ್ತೇನಿಲ್ಲ ಎಂದರೆ ಮತ್ತೇನೂ ಇಲ್ಲ ಎಂದೇ ಅರ್ಥವಿರಬೇಕು, ವಿನುತಾ ಮುಗುಳ್ನಕ್ಕು ಮುಂದಿನವರಿಗೆ ಗಂಟೆ ಬಾರಿಸುವಳು. ನಾನು ಮೂಲೆಯ ಕುರ್ಚಿಯಿಂದ ಹುಬ್ಬು ಹಾರಿಸಿ ಸನ್ನೆ ಮಾಡಿದರೆ, ಕಣ್ಣಿಗೆ ಕಸ ಬಿದ್ದಿದೆಯೆಂದುಕೊಂಡು ಕಣ್ಣಿನ ಹನಿ ತಂದು ಹಾಕಿದಳು! ಕಡೆಗೆ ಬಾಯಿಬಿಟ್ಟೇ ಹೇಳಬೇಕಾಯಿತು.

"ಮತ್ತೇನಿಲ್ಲ ಅಂದ್ರ ಮತ್ತೇನೋ ಅದ ಅಂತ ತಿಳ್ಕೊ. ಗಂಟಿ ಮುಟ್ಟಬ್ಯಾಡ, ಸುಮ್ಮ ನಿಂದ್ರು."

ಮುಂದಿನ ಸಲ ವಿನುತಾ ಬಾಗಿಲ ತನಕ ಹೋಗಿ ಸುಮ್ಮನೆ ನಿಂತಳು. ಮಲ್ಲಮ್ಮ ಚೌಕಟ್ಟನ್ನು ಸವರುತ್ತ ಸವರುತ್ತ ಹೇಳಿದಳು:

"ಮತ್ತೇನಿಲ್ರಿ ಯವ್ವಾ, ಗುಳಗಿ ಒಂದೀಟು ಜಾಸ್ತಿ ಕೊಡ್ರಿ. ಅರ್ಧ ನಾ ತಗೋತೀನಿ, ಅರ್ಧ ನಮ್ಮ ಮನಿಯವ್ರಿಗೆ ಚಾದಾಗ ಹಾಕ್ತೀನಿ. ಬಿ.ಪಿ. ಗುಳಗಿ ಅಂದ್ರ ಸಿಟ್ಟಿಂದು ಅಲ್ರಿ? ನನಗಿಂತ ಅವರಿಗೇ ಸಿಟ್ಟು ಭಾಳ."

ಗುಣ ಕಂಡಿದೆಯೇ ಎಂದು ವಿನುತಾ ಕೇಳಿದಳು. ಭಾಳ ಛಲೋ ಗುಳಗಿ ಎಂದು ಮಲ್ಲಮ್ಮ ಹೊಗಳಿದಳು. ಈಗೀಗ ಒದರಾಡಲು ಎದ್ದರೆ ಸಾಕು, ಯಜಮಾನರು ತಲೆ ತಿರುಗಿ ಮತ್ತೆ ಕೂತುಬಿಡುತ್ತಾರಂತೆ. ಆ ಯಜಮಾನರನ್ನು ಅಂದೇ ಕರೆಸಿ ನೋಡಿದರೆ ಒತ್ತಡ ಪಾತಾಳದಲ್ಲಿತ್ತು. ಒಂದು ದಿನ ಬಾವಿಯ ದಂಡೆಯಲ್ಲೋ ಕೆನಾಲಿನ ಏರಿಯ ಮೇಲೋ ಎದ್ದುನಿಂತಿದ್ದರೆ ಗತಿಯೇನಾಗುತ್ತಿತ್ತೋ! ಗುಳಗಿ ನಿಲ್ಲಿಸಿದ ವಾರದೊಳಗೆ ಅವರ ಆರೋಗ್ಯ ಸುಧಾರಿಸಿದ್ದು ಓಣಿಯ ಆ ತುದಿಯ ತನಕ ಕೇಳಿಸಿತು. ಪೂರ್ತಿ ಗುಳಗಿ ನುಂಗತೊಡಗಿದ ಮಲ್ಲಮ್ಮನ ಒತ್ತಡವೂ ಇಳಿಯಿತು.

ಅಲ್ಲಿಂದ ವಿನುತಾಳಿಗೆ ಬಾಗಿಲ ಹುಚ್ಚು ಹಿಡಿಯಿತು. ರೋಗಿ ಏಳುವ ಮೊದಲೇ ತಾನೆದ್ದು ಹೊಸ್ತಿಲಿಗೆ ಹೋಗಿ ಕಾಯುವಳು. ಬೆಂಚಿನ ಮೇಲಿದ್ದವರೆಲ್ಲ ಕಿವಿಗೊಟ್ಟು, ಕೇಳದಿದ್ದರೂ ಸಲಹೆ ಕೊಡತೊಡಗಿದ ಮೇಲೆ ನಾನು ಬಾಗಿಲಿನಾಚೆ ಒಂದು ಪರದೆ ಕಟ್ಟಿಸಬೇಕಾಯಿತು. ನೀವೇ ಹೇಳಿ, ವೈದ್ಯವಿದ್ಯೆಯಲ್ಲಿ ಕಾಯುವುದಕ್ಕೊಂದು ಪಾಠವಿದೆಯೇ? ರೋಗ ಕಾಯುವುದಿಲ್ಲವೆಂದು ಕಲಿಸುತ್ತಾರೆ, ನಿಜ. ಆದರೆ ರೋಗಿಯ ಮಾತು ಹೊರಬರಲು ಡಾಕ್ಟರು ಕಾಯಲೇಬೇಕು. 'ಕಾಯುವುದು' ಎಂಬ ಒಂದೇ ಪದದಲ್ಲಿ ದಾರಿ ನೋಡುವುದನ್ನೂ ರಕ್ಷಿಸುವುದನ್ನೂ ಇಟ್ಟವರು ಕುರಿ ಕಾದವರೇ ಇರಬೇಕೆಂದು ನನ್ನ ಗುಮಾನಿ.

ಕಲಿಕೆ ಮುಗಿಯಿತು. ವಿನುತಾ ಪೇಢೆಯ ಡಬ್ಬಿ ಹಿಡಿದು ಬಂದು, ಮೈಸೂರಿನ ದೊಡ್ಡ ಆಸ್ಪತ್ರೆಯೊಂದು ಕರೆದಿದೆ, ಮನೆಗೂ ಹತ್ತಿರ, ಇನ್ನೂ ಒಪ್ಪಿಲ್ಲ ಎಂದಳು. ಭಾಳ ಛಲೋ ಆತು ಎಂದೆ. ನೀವು ಆರಾಮಾ ಎಂದು ಕೇಳಿದಳು. ಆರಾಮ ಎಂದೆ. ಕೈಗೆ ತೆಗೆದುಕೊಂಡ ಪೇಢೆಯನ್ನು ಮತ್ತೆ ಡಬ್ಬಿಗೇ ಇಟ್ಟೆ. ಅವಳನ್ನು ಬೀಳ್ಕೊಡಲು ಕುಂಟುತ್ತ ಬಾಗಿಲ ತನಕ ಹೋದೆ. ನನ್ನ ಕೈ ತಾನಾಗಿ ಚೌಕಟ್ಟಿನ ಮೇಲೆ ಹೋಗಿ ಕೂತಿತು.

"ಮತ್ತೇನಿಲ್ಲ ವಿನುತಾ..."

ಅವಳು ಕೈಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟು ಸುಮ್ಮನೆ ನಿಂತಳು. ನಾನೇ ಕಲಿಸಿದ್ದು ನನಗೇ ತಿರುಗಿಬಿತ್ತು.

"ನೀ ಇಲ್ಲೇ ಇದ್ದರ ಛಲೋ ಇತ್ತು. ಈ ಬಾಗಿಲಿಗೆ ಕೀಲಿ ಬೀಳೋದು ನನ್ನ ಕಡಿಂದ ನೋಡೋದಾಗಂಗಿಲ್ಲ."

"ಯಾವಾಗಿಂದ ಅದ ರೀ ಈ ತ್ರಾಸ?" ಎಂದು ವಿನುತಾ ಅಪ್ಪಟ ನಮ್ಮ ಮಾತಿನಲ್ಲಿ ಕೇಳಿದಳು.

ನಕ್ಕೆವು, ಇಬ್ಬರೂ ಕಣ್ಣೊರೆಸಿಕೊಂಡೆವು. "ಬರ್ತೀನ್ರಿ" ಎಂದು ಹೇಳಿ ಅವಳು ಬಸ್ಸು ಹತ್ತಿದಳು. ನಮ್ಮಲ್ಲಿ ಹೋಗುವವರೂ ಬರ್ತೀನಿ ಎಂದೇ ಹೋಗುವುದರಿಂದ, ಅದು ಬರುವ ಬರ್ತೀನಿಯೋ ಹೋಗುವ ಬರ್ತೀನಿಯೋ ತಿಳಿಯದೆ ನಾನು ಒದ್ದಾಡಿಹೋದೆ. ಸೋಮವಾರ ಬೆಳಿಗ್ಗೆ ಕೀಲಿಕೈ ಹಿಡಿದು ದವಾಖಾನೆಗೆ ಹೋದರೆ ಬಾಗಿಲು ಆಗಲೇ ತೆರೆದಿತ್ತು, ಒಳಗಿನಿಂದ, "ಏನ್ ತ್ರಾಸ ಅದ ರೀ?" ಎನ್ನುವ ವಿನುತಾಳ ದನಿ ಕೇಳಿಸಿತು; ತನ್ನ ಬಳಿಯ ಕೀಲಿಕೈಯನ್ನು ಅವಳು ಹಿಂದಿರುಗಿಸಿರಲೇ ಇಲ್ಲ.

ಈ ದೀಪಾವಳಿಗೆ ಹಣಮಂತ ಬಂದಾಗ, ಆ ಅಂಗೈಯಗಲ ಬಿಟ್ಟು ಉಳಿದದ್ದಕ್ಕೆಲ್ಲ ಹಚ್ಚು ಎಂದೆ. ಡಾಕ್ಟರಮ್ಮನಿಗೆ ಅರಳುಮರಳು ಎಂಬಂತೆ ನೋಡಿ, ಹೇಳಿದಂತೆ ಹಚ್ಚಿ, ಬ್ರಶ್ ತೊಳೆದು, "ಬರ್ತೀನ್ರಿ" ಎಂದು ಹೊರಟವನು ಹೊಸ್ತಿಲಲ್ಲಿ ನಿಂತ. ಹಸಿ ಬಣ್ಣದ ನಡುವೆ ಅದೊಂದೇ ಒಣ ಜಾಗವನ್ನು ಹುಡುಕಿ ಕೈಯಿಟ್ಟು, "ಮತ್ತೇನಿಲ್ರಿ..." ಎಂದ. ವಿನುತಾ ಗಂಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು.