ನಮ್ಮ ಟೆರೇಸಿನ ಗಡೀಪಾರು

ಈಗ ಹೇಳೋದನ್ನ ನೀವು ನಂಬಲ್ಲ, ಬೆಟ್ ಕಟ್ತೀನಿ. ಹೋದ ಬೇಸಿಗೆ ರಜದಲ್ಲಿ ಕೃಷ್ಣಮೂರ್ತಿಪುರಂನ ನಮ್ಮನೆ ಟೆರೇಸು ಸಂಜೆಯಾದ್ರೆ ಅಥೆನ್ಸ್ ಆಗ್ಬುಡ್ತಿತ್ತು. ಬಿಸಿಲು ಇಳೀತಿದ್ದಂಗೆ ಚಾಮುಂಡಿಬೆಟ್ಟ ನೀಲಿಯಾಗಿ, ಮೆತ್ತಗೆ ಉಸಿರಾಡ್ತಿದೆ ಅನ್ನಿಸೋದು. ಟೆರೇಸು ಮನೆ ಬಿಟ್ಟು ಒಂದಡಿ ಮೇಲೆ ತೇಲೋದು. ಸರಿ, ಅರ್ಧ ಅಡಿ.

ಇದೆಲ್ಲಾ ನಮ್ಮ ಹಿಸ್ಟರಿ ಮಿಸ್ಸಿಂದ ಶುರುವಾಗಿದ್ದು. ಹಳೇ ಅಥೆನ್ಸಲ್ಲಿ ಯಾವನಾದ್ರೂ ಊರಿಗಿಂತ ದೊಡ್ಡೋನಾಗ್ತಿದಾನೆ ಅನ್ನಿಸಿದ್ರೆ, ಜನ ಒಡೆದ ಮಡಿಕೆ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕೋರಂತೆ. ಜಾಸ್ತಿ ಚೂರು ಬಿದ್ದೋನು ಹತ್ತು ವರ್ಷ ಊರು ಬಿಡ್ಬೇಕು. ಕೇಳ್ತಿದ್ದಂಗೆ ಪಕ್ಕದ ಮನೆ ಲಂಬೂ ಕಣ್ಮುಂದೆ ಬಂದ. ನಮ್ಮ ನೀರಿನ ಟ್ಯಾಂಕ್ ಪಕ್ಕ ಒಂದು ಕಟ್ಟೆ ಇದೆ, ಅಲ್ಲಿ ಕೂತ್ರೆ ಬೆಟ್ಟ ಪೂರ್ತಿ ಕಾಣತ್ತೆ, ಕನಸು ತಾನಾಗೇ ಬರತ್ತೆ. ನನ್ನ ಜಾಗ ಅದು. ದಿನಾ ಅವನೇ ಮೊದಲು ಬಂದು ಕಾಲು ಚಾಚಿರ್ತಿದ್ದ.

"ಮತ ಹಾಕೋಣ. ಹೆಸರು ಬಂದೋನು ರಜ ಮುಗಿಯೋವರೆಗೂ ಟೆರೇಸ್ ಹತ್ತಂಗಿಲ್ಲ," ಅಂದೆ.

ಬೀದಿ ಹುಡುಗರಿಗೆಲ್ಲಾ, ನಮ್ಮನೇಲೇ ಇರೋ ಚಿಕ್ಕಪ್ಪನ ಮಗಳಿಗೂ ಚುರುಮುರಿ ಕೊಡ್ಸಿ, ಒಬ್ಬೊಬ್ಬರ ಕಿವೀಲೂ "ಲಂಬೂ" ಅಂತ ಊದಿದೆ. ಲಂಬೂಗೂ ಕೊಡ್ಸಿದೆ, ಅನುಮಾನ ಬರಬಾರ್ದಲ್ಲ. ಒಡೆದ ಹೂಕುಂಡದ ಚೂರು, ಸೀಮೆಸುಣ್ಣ ಹಂಚಿದೆ. ಎಲ್ಲಾರೂ ಗೀಚ್ತಿದ್ರು. ಅಷ್ಟಕ್ಕೇ ಸುಮ್ನಿರ್ಬೇಕಿತ್ತು. ಎದ್ದು ನಿಂತು ಭಾಷಣ ಬಿಗಿದೆ. ಪಾರಿವಾಳಗಳು ಕತ್ತು ಓರೆ ಮಾಡಿ ಕೇಳಿದ್ವು, ಆಣೆಗೂ.

"ಕಳ್ಳನ್ನ ಓಡ್ಸೋದಲ್ಲ ಇದು! ತಾನೇ ದೊಡ್ಡ ಮನುಷ್ಯ ಅಂತ ಮೆರೆಯೋನು, ಬಾಯಿ ಮುಚ್ಚದೋನು, ಎಲ್ಲಾ ತಾನು ಹೇಳ್ದಂಗೇ ನಡೀಬೇಕು ಅನ್ನೋನು..."

ಎಲ್ಲಾರೂ ನನ್ನನ್ನೇ ನೋಡಿದ್ರು. ಆಮೇಲೆ ಮೆತ್ತಗೆ, ಅಂಗೈಯಲ್ಲಿ ಚೂರು ಒರೆಸಿ, ಹೊಸದಾಗಿ ಗೀಚಿದ್ರು.

ಮೊದಲನೇ ಚೂರು ತಿರುಗಿಸಿದೆ. ನನ್ನ ಹೆಸರು. ಇನ್ನೊಂದು. ನಾನೇ.

"ಚುರುಮುರಿ ತಿಂದ್ಬುಟ್ಟು ಹಿಂಗ್ ಮಾಡ್ತೀರೇನ್ರೋ!"

"ಖಾರ ಕಮ್ಮಿ ಇತ್ತು ಕಣೋ," ಅಂದ ಲಂಬೂ, ಕಟ್ಟೆ ಮೇಲೆ ಮಲಗಿದ್ದಂಗೇ.

"ನೀನೇ ಹೇಳ್ದಲ್ಲೋ ಅಣ್ಣ, ಮೆರೆಯೋನು ಅಂತ," ಅಂದ್ಲು ಚಿಕ್ಕಪ್ಪನ ಮಗಳು. "ಕಾನೂನು ಕಾನೂನೇ. ಇಳಿ."

ಬೆಟ್ಟದ ದೀಪಗಳು ಒಂದೊಂದೇ ಹತ್ಕೊಂಡ್ವು. ಮೆಟ್ಟಿಲ ಕೆಳಗಿನ ಕತ್ತಲು ಸಮುದ್ರದ ಥರ ಕಾಣ್ತು, ಅಲ್ಲಿ ನನಗೋಸ್ಕರ ಒಂದು ಹಡಗು ಕಾಯ್ತಿರೋ ಹಾಗೆ. ಹಡಗು ಹತ್ತಲ್ಲ ಅಂತ ಟೆರೇಸಿನ ಬಾಗಿಲು ಹಿಡ್ಕೊಂಡು ಕಿರುಚಿದೆ. ಅವರು ಅದಕ್ಕಿಂತ ಜೋರಾಗಿ "ಇಳಿ! ಇಳಿ!" ಅಂತ ಕುಣಿದ್ರು.

ಅಮ್ಮ ಹತ್ಕೊಂಡು ಬಂದೇಬುಟ್ಲು.

"ಏನ್ರೋ ಇದು, ಸೂರು ಕಿತ್ತೋಗೋ ಹಾಗೆ?"

"ಮತ ಎಣಿಸ್ತಿದೀವಿ ಕಣಮ್ಮ."

"ಹಾಗಾದ್ರೆ ನಂದೂ ಒಂದು ಸೇರ್ಸ್ಕೋ. ಎಲ್ಲಾರೂ ಕೆಳಗೆ! ನಾಳೆಯಿಂದ ಟೆರೇಸಿಗೆ ಬೀಗ."