ಎಬ್ಬಿಸುವ ಶಾಂತಕುಮಾರ

ಬೆಳಗಿನ ಐದೂ ಕಾಲು. ಹೈದರಾಬಾದಿನ ನಾರಾಯಣಗೂಡದ ಹಳೆಯ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮಂಚದ ಪಕ್ಕ ನಿಂತು ಶಾಂತಕುಮಾರ ಕೇಳುತ್ತಾರೆ: "ರಾತ್ರಿ ಎಷ್ಟ ಸಲ ಸಾವ್ಕಾರ್ರ ಮಗ್ಗಲಾ ಬದಲ್ಸಿದ್ರಿ, ಅವ್ವಾರ?" ಶಾರದಾಬಾಯಿ ಎರಡು ಬೆರಳು ತೋರಿಸುತ್ತಾರೆ. ಮೂರು ಸಲ ಆಗಬೇಕಿತ್ತು. ಆದರೆ ಎಪ್ಪತ್ತು ದಾಟಿದ ಹೆಂಗಸು ಎಪ್ಪತ್ತೆಂಟು ಕಿಲೋ ತೂಕದ ಗಂಡನನ್ನು ಎರಡು ಸಲ ಹೊರಳಿಸಿದ್ದೇ ಹೆಚ್ಚು ಎಂದು ಶಾಂತಕುಮಾರರಿಗೆ ಗೊತ್ತು. ಅವರು ಅಂಗಿಯ ತೋಳು ಮೇಲಕ್ಕೆ ಮಡಚುತ್ತಾರೆ.

ಮಂಚದ ಮೇಲೆ ಕಲ್ಯಾಣಪ್ಪ ಗೋಡೆಯತ್ತ ಮುಖ ಮಾಡಿ ಮಲಗಿದ್ದಾರೆ. ಸುಲ್ತಾನ್ ಬಜಾರಿನಲ್ಲಿ ನಲವತ್ತು ವರ್ಷ ಬ್ಲೌಸ್ ಪೀಸು, ಲೈನಿಂಗ್ ಬಟ್ಟೆ ಮಾರಿದವರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ವ್ಯಾಪಾರ ಮಾಡಿದ ಮನುಷ್ಯ. ದೀಪಾವಳಿ ಮುಗಿದ ವಾರ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆಯೂ ತೊಡರುತ್ತದೆ.

"ಸಾವ್ಕಾರ್ರ, ಏಳ್ರಿ."

"ಬ್ಯಾಡ."

"ನೀವು ಬ್ಯಾಡ ಅಂದ್ರ ನಾ ಹೋಗಂಗಿಲ್ಲ. ಇಬ್ಬರೂ ಹಿಂಗ ಕುಂತ್ರ ಅವ್ವಾರು ಇಬ್ಬರಿಗೂ ಉಪ್ಪಿಟ್ಟ ಮಾಡಬೇಕಾಗತೈತಿ ನೋಡ್ರಿ."

ಕಲ್ಯಾಣಪ್ಪ ನಗುವುದಿಲ್ಲ. ಶಾಂತಕುಮಾರರ ಬಲಗಾಲು ಮಾತ್ರ ನೆಲದ ಮೇಲೆ ಟಪಟಪ ಬಡಿಯುತ್ತಲೇ ಇರುತ್ತದೆ. ಹೆಸರಿನಲ್ಲಿ ಬಿಟ್ಟರೆ ಆ ಮನುಷ್ಯನಲ್ಲಿ ಶಾಂತಿ ಎಂಬುದು ಎಲ್ಲಿಯೂ ಇಲ್ಲ. "ಉಣ್ಣಾಕ ಕುಂತ್ರೂ ಒಂದ ಕಾಲ ಹೊಸ್ತಿಲ ಹೊರಗ ಇರತೈತಿ" ಎಂದು ಹೆಂಡತಿ ಸುಗುಣಾ ದೂರುತ್ತಾರೆ. ಈ ವಾರವಂತೂ ತಳಮಳ ಹೆಚ್ಚು. ಅದಕ್ಕೆ ಕಾರಣವಿದೆ.

ಮಗ ಮಹೇಶಕುಮಾರ ಊರ ಹೊರಗಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತಂದೆಗೆ ಹಾಸಿಗೆ ಗೊತ್ತು ಮಾಡಿದ್ದಾನೆ. ಕೆಟ್ಟವನಲ್ಲ. ಗಂಡನನ್ನು ಹೊರಳಿಸಿ ಹೊರಳಿಸಿ ತಾಯಿಯ ಸೊಂಟ ಎರಡು ಸಲ ಹಿಡಿದುಕೊಂಡಿದೆ. ಅವನು ಆಫೀಸಿಗೆ ಹೋದರೆ ಬರುವುದು ರಾತ್ರಿಯೇ. ಅವನದು ಒಂದೇ ಮಾತು: ಭಾನುವಾರದೊಳಗೆ ಅಪ್ಪ ಮಂಚದಿಂದ ಬಚ್ಚಲಿನವರೆಗೆ, ಯಾರಾದರೂ ಹಿಡಿದುಕೊಂಡರೂ ಸರಿ, ತನ್ನ ಕಾಲ ಮೇಲೆ ಹೋಗಬೇಕು. ಹೋದರೆ ಮನೆಯಲ್ಲೇ ಇರಲಿ. ಇಲ್ಲದಿದ್ದರೆ ಸೋಮವಾರ ಗಾಡಿ ಬರುತ್ತದೆ. ಮಂಚದಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ. ನಿನ್ನೆ ಆರಾಗಿತ್ತು. ಇವತ್ತು ಗುರುವಾರ.

"ಅಂಥಾ ಜಾಗಾ ನಾ ನೋಡೀನ್ರಿ. ಮಲಗಸ್ತಾರ, ಚೊಲೊ ಮಲಗಸ್ತಾರ. ಎಬ್ಬಸೂದಿಲ್ಲ. ನಾಕ ತಿಂಗಳಿಗೆ ಬೆನ್ನ ಹುಣ್ಣಾಗತೈತಿ. ಆಮ್ಯಾಲ ಹೇಳೂದ ಬ್ಯಾಡ" ಎಂದು ಅಡುಗೆಮನೆಯಲ್ಲಿ ಶಾಂತಕುಮಾರ, ತಮ್ಮ ಕತೆ ಕೇಳಲು ಬಂದ ನಮಗೆ ದನಿ ತಗ್ಗಿಸಿ ಹೇಳುತ್ತಾರೆ.

ಮಲಗಿದವರನ್ನು ಕೂರಿಸುವುದಕ್ಕೂ ಒಂದು ಲೆಕ್ಕಾಚಾರವಿದೆ. ತೋಳು ಹಿಡಿದು ಎಳೆಯಬಾರದು, ಬಿದ್ದುಹೋದ ಕಡೆಯ ಭುಜ ಜಾರುತ್ತದೆ. ಮೊದಲು ಮಗ್ಗುಲಿಗೆ ಹೊರಳಿಸಿ ಎರಡೂ ಕಾಲನ್ನು ಮಂಚದಿಂದ ಕೆಳಗೆ ಬಿಡಬೇಕು. ಕಾಲು ಇಳಿದ ಭಾರಕ್ಕೆ ಮೈ ತಾನಾಗಿ ಮೇಲೇಳುತ್ತದೆ. ಕೈ ಬರೀ ದಾರಿ ತೋರಿಸಿದರೆ ಸಾಕು. ಆಮೇಲೆ ತನ್ನ ಮೊಣಕಾಲನ್ನು ಅವರ ಮೊಣಕಾಲಿಗೆ ಒತ್ತಿ ಹಿಡಿದು ನಿಲ್ಲಿಸಬೇಕು. ಅರ್ಧ ಗಂಟೆ ಗೋಗರೆದ ಮೇಲೆ ಕಲ್ಯಾಣಪ್ಪ ಎದ್ದರು. ಆರು ಹೆಜ್ಜೆ. ಏಳನೆಯದಕ್ಕೆ ಕುಸಿದರು. ಶಾಂತಕುಮಾರ ತಾವೂ ನೆಲಕ್ಕೆ ಕುಳಿತು, ಅವರನ್ನು ತೊಡೆಯ ಮೇಲೆ ಇಳಿಸಿಕೊಂಡರು.

ಐವತ್ತೆರಡರ ಶಾಂತಕುಮಾರ ಹುಮನಾಬಾದ್ ಕಡೆಯವರು. ಮುತ್ತಜ್ಜನ ಕಾಲದಿಂದ ಮೆಥಡಿಸ್ಟ್ ಕ್ರೈಸ್ತ ಸಭೆಗೆ ಸೇರಿದ ಮನೆತನ. ಇಪ್ಪತ್ತನೆಯ ವಯಸ್ಸಿಗೆ ಹೈದರಾಬಾದಿಗೆ ಬಂದು ಒಂದು ದವಾಖಾನೆಯಲ್ಲಿ ಕೆಲಸ ಹಿಡಿದರು. ಸಿಕ್ಕಿದ್ದು ಶವಾಗಾರದಲ್ಲಿ. ಹದಿನಾಲ್ಕು ವರ್ಷ ಹೆಣ ಎತ್ತಿದರು, ಇಳಿಸಿದರು. ಅಲ್ಲಿ ಆಡುವ ಮಾತು ಹೆಚ್ಚಿರಲಿಲ್ಲ. ಎಷ್ಟು ಗಂಟೆಗೆ ಎತ್ತಬೇಕು, ಯಾರು ಎತ್ತುತ್ತಾರೆ, ಎತ್ತಿದರಾ. ಅಷ್ಟೇ.

"ಒಂದಿನ ವಾರ್ಡಿನ್ಯಾಗ ಮಂದಿ ಕಡಿಮಿ ಇದ್ರು. ಒಬ್ಬ ಮುದುಕಿನ ಮಂಚದಿಂದ ಕುರ್ಚಿಗೆ ಕೂಡಸಾಕ ನನ್ನ ಕರದ್ರು. ಎತ್ತಿದೆ. ಆಕಿ ನನ್ನ ಕೊರಳಿಗಿ ಕೈ ಹಾಕಿ ಗಟ್ಟಿ ಹಿಡಕೊಂಡ್ಳರಿ! ಹದಿನಾಕ ವರ್ಷದಾಗ ಎತ್ತಿಸ್ಕೊಂಡವರು ಯಾರೂ ನನ್ನ ಹಿಡಕೊಂಡಿದ್ದಿಲ್ಲ. ಆವತ್ತ ರಾತ್ರಿ ನಿದ್ದಿ ಬರಲಿಲ್ಲ."

ಅಂದಿನಿಂದ ಶುರುವಾದ ಈ ಚಡಪಡಿಕೆ ಇನ್ನೂ ಇಳಿದಿಲ್ಲ. ವಾರ್ಡಿಗೆ ಹಾಕಿರೆಂದು ಬೇಡಿ, ವ್ಯಾಯಾಮ ಮಾಡಿಸುವವರ ಹಿಂದೆ ಎರಡು ವರ್ಷ ತಿರುಗಿ, ಕೆಲಸ ಕಲಿತು, ಆಮೇಲೆ ದವಾಖಾನೆ ಬಿಟ್ಟು ಮನೆಮನೆಗೆ ಹೋಗತೊಡಗಿದರು. ದಿಲ್‌ಸುಖ್‌ನಗರದ ಬಾಡಿಗೆ ಮನೆಯಿಂದ ಹೊರಡುವ ಹೊತ್ತಿಗೆ ಮೆಟ್ರೋ ಶುರುವಾಗಿರುವುದಿಲ್ಲ; ಮೊದಲ ಸಿಟಿ ಬಸ್ಸೇ ಗತಿ. ದಿನಕ್ಕೆ ಐದು ಮನೆ. ಅದರಲ್ಲಿ ಎರಡು ಕಡೆ ಲಿಫ್ಟ್ ಇಲ್ಲ. ಮಲಗಿದವರಲ್ಲಿ ಹಿರಿಯರಿಗೆ ತೊಂಬತ್ತೊಂದು, ಕಿರಿಯವನಿಗೆ ಮೂವತ್ತೆಂಟು. ಕನ್ನಡ, ತೆಲುಗು, ಉರ್ದು, ಯಾವ ಮನೆಗೆ ಯಾವುದೋ ಅದು. ಈವರೆಗೆ ಅವರ ಕೈಯಲ್ಲಿ ಎದ್ದು ಓಡಾಡಿದವರು ಅರವತ್ತಮೂರು ಮಂದಿ. ಏಳದೆ ಹೋದವರನ್ನೂ ಅವರು ಮರೆತಿಲ್ಲ, ಕೇಳಿದರೆ ಒಬ್ಬೊಬ್ಬರ ಹೆಸರೂ ಹೇಳುತ್ತಾರೆ. "ಎಲ್ಲಾರೂ ಏಳೂದಿಲ್ರಿ. ಸುಳ್ಳ ಯಾಕ ಹೇಳ್ಲಿ?"

ಈ ಮನೆಯಲ್ಲಿ ಫೆಬ್ರುವರಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ಅವರ ಕತೆ ಪೂರ್ತಿಯಾಗದು. ಕಲ್ಯಾಣಪ್ಪನವರನ್ನು ಮೊದಲ ಬಾರಿ ಕುರ್ಚಿಗೆ ಕೂರಿಸುವ ದಿನ ಅದು. ಬೆಳಿಗ್ಗೆ ಸ್ನಾನ ಮಾಡಿಸಿ, ಬೇರೆ ಮನೆಗಳನ್ನು ಮುಗಿಸಿಕೊಂಡು ಬಂದು ಹತ್ತಕ್ಕೆ ಎತ್ತಿ ಕೂರಿಸುವುದೆಂದು ಮಾತಾಗಿತ್ತು. ಆರು ಗಂಟೆಗೆ ಹುಮನಾಬಾದಿನಿಂದ ಕಲ್ಯಾಣಪ್ಪನವರ ತಂಗಿ ಗಂಗೂಬಾಯಿಯ ಫೋನ್ ಬಂತು. ಶಾರದಾಬಾಯಿಗೆ ಕಿವಿ ಮಂದ. ಅವರು ಫೋನನ್ನು ಶಾಂತಕುಮಾರರ ಕಿವಿಗೇ ಹಿಡಿದರು. ಶಾಂತಕುಮಾರರ ಎರಡೂ ಕೈ ರೋಗಿಯ ಬೆನ್ನಡಿ, ಮನಸ್ಸು ಮುಂದಿನ ಬಸ್ಸಿನ ಮೇಲೆ.

"ಅಣ್ಣ ಹ್ಯಾಂಗದಾನ್ರಿ?"

"ಸ್ನಾನ ಮಾಡಿಸೀವ್ರಿ. ಹತ್ತಕ್ಕ ಎತ್ತತೀವಿ."

ಆ ಸೀಮೆಯಲ್ಲಿ ಹತ್ತಕ್ಕೆ ಎತ್ತುತ್ತೇವೆ ಎಂದರೆ ಒಂದೇ ಅರ್ಥ, ಹೆಣ ಎತ್ತುವುದು. ಶಾಂತಕುಮಾರರಿಗೆ ಅದು ಶವಾಗಾರದ ಹದಿನಾಲ್ಕು ವರ್ಷದಲ್ಲಿ ನಾಲಿಗೆಗೆ ಅಂಟಿದ ಮಾತು. ಗಂಗೂಬಾಯಿ ಚಿಟ್ಟನೆ ಚೀರಿ ಫೋನ್ ಇಟ್ಟರು. ಶಾಂತಕುಮಾರ ಲೈನ್ ಕಟ್ಟಾಯಿತು ಎಂದುಕೊಂಡು ಬಸ್ ಹಿಡಿಯಲು ಓಡಿದರು. ಸತ್ತ ಮನೆಗೆ ತಿರುಗಿ ಫೋನ್ ಮಾಡಿ ನಿಜವಾ ಎಂದು ಕೇಳುವವರುಂಟೆ? ಅಲ್ಲಿ ಹನ್ನೊಂದು ಜನ ಕ್ರೂಸರ್ ಜೀಪು ಹತ್ತಿದರು. ಎತ್ತುವುದರೊಳಗೆ ಮುಖ ನೋಡಬೇಕೆಂದು ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ.

ಬಂದು ನೋಡಿದರೆ ಏನಿದೆ? ಆ ಮನೆತನ ಲಿಂಗಾಯತರದು. ಅವರಲ್ಲಿ ತೀರಿಕೊಂಡವರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬಟ್ಟೆಯಿಂದ ಕಟ್ಟಿ ಕೂರಿಸುವ ಪದ್ಧತಿ. ಕಲ್ಯಾಣಪ್ಪ ಬಿಳಿ ಧೋತರ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಮುಂದಕ್ಕೆ ಬೀಳದಿರಲೆಂದು ಶಾಂತಕುಮಾರ ಹಳೆಯ ಸೀರೆಯಿಂದ ಎದೆಯನ್ನು ಕುರ್ಚಿಗೆ ಕಟ್ಟಿದ್ದರು. ಬಹಳ ದಿನದ ಮೇಲೆ ಗಂಡ ಕೂತನೆಂಬ ಖುಷಿಗೆ ಶಾರದಾಬಾಯಿ ಹಣೆ ತುಂಬ ವಿಭೂತಿ ಹಚ್ಚಿದ್ದರು. ದಣಿದ ಕಲ್ಯಾಣಪ್ಪ ಕಣ್ಣು ಮುಚ್ಚಿದ್ದರು. ಗಂಗೂಬಾಯಿ "ನನ್ನಣ್ಣಾ" ಎಂದು ಕಾಲ ಮೇಲೆ ಬಿದ್ದರು. ಆಕೆಯ ಗಂಡ ಬಂಡೆಪ್ಪ ಹಾರ ತಂದು ಕೊರಳಿಗೇ ಹಾಕಿಬಿಟ್ಟರು.

ಕಲ್ಯಾಣಪ್ಪ ಕಣ್ಣು ತೆರೆದರು. "ಏ ಗಂಗೂ, ಯಾರ ಸತ್ತಾರ?"

ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಬಂಡೆಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಅಳುತ್ತಿದ್ದವರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕಲ್ಯಾಣಪ್ಪ ಎಡಗೈಯಿಂದ ಎದೆಯ ಸೀರೆಯನ್ನು ಜಗ್ಗುತ್ತ ಶಾಂತಕುಮಾರರತ್ತ ನೋಡಿ "ಬಿಚ್ಚು" ಎಂದರು. ಬಿಚ್ಚಿದ ಕೂಡಲೇ, ಯಾರೂ ಏಳೆನ್ನದೆ, ತಂಗಿಯ ಹೆಗಲು ಹಿಡಿದು ನಿಂತರು. ನಾಲ್ಕು ಉಸಿರಿನಷ್ಟು ಹೊತ್ತು, ಕೊರಳಲ್ಲಿ ಹಾರ ಸಮೇತ.

ಸಂಜೆ ಮಹೇಶಕುಮಾರ ಕೂಗಾಡಿದ್ದು ಬೇರೆ ಮಾತು. "ಇನ್ನ ಮ್ಯಾಲ ಈ ಮನಿ ಫೋನ್ ಮುಟ್ಟಬ್ಯಾಡ್ರಿ" ಎಂದ. ಶಾಂತಕುಮಾರ ಇವತ್ತಿಗೂ ಮುಟ್ಟಿಲ್ಲ.

ಸತ್ತವರು ಮತ್ತೆ ಏಳುವುದಕ್ಕೆ ಸಭೆಯಲ್ಲಿ ಬಳಸುವ ಪುನರುತ್ಥಾನ ಎಂಬ ಶಬ್ದ ಶಾಂತಕುಮಾರರ ಬಾಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಎರಡು ಸಲ ಯತ್ನಿಸಿ ಕೈಬಿಡುತ್ತಾರೆ. "ದೊಡ್ಡ ಶಬ್ದರಿ ಅದು, ನಮ್ಮ ಸಭಾದ ಪಾಸ್ಟರಮ್ಮಾರಿಗೇ ಇರ್ಲಿ. ನಮ್ಮವ್ವ 'ಏಳೂದು' ಅಂತಿದ್ಳು. ನಾಕ ದಿನ ಗೋರಿಯಾಗ ಇದ್ದಾಂವನ್ನ ಯೇಸು ಸ್ವಾಮಿ ಹೊರಗ ಕರದ. ಆಂವ ಬಂದ. ಆದ್ರ ಕೈಕಾಲಿಗೆ ಬಟ್ಟಿ ಸುತ್ತಿತ್ತು ನೋಡ್ರಿ. ಅದನ್ನ ಸ್ವಾಮಿ ಬಿಚ್ಚಲಿಲ್ಲ. ಅಲ್ಲಿ ನಿಂತ ಮಂದಿಗೆ ಬಿಚ್ರಿ ಅಂದ. ಯಾಕ ಅಂತ ಭಾಳ ವರ್ಷ ವಿಚಾರ ಮಾಡೀನಿ. ಜೀವಾ ಕೊಡೂದು ಆತನ ಕೆಲಸ. ಗಂಟ ಬಿಚ್ಚೂದು ನಮ್ಮದು. ಸತ್ತ ಮ್ಯಾಲ ಏಳೂದು ಆಮ್ಯಾಲಿನ ಮಾತಾತು. ಇವತ್ತ ಮುಂಜಾನಿ ಏಳಬೇಕಾದವರು ಎಷ್ಟ ಮಂದಿ ಅದಾರ್ರಿ!"

ಇಷ್ಟು ಹೇಳುವಾಗಲೂ ಅವರು ನಿಂತಿಲ್ಲ. ಮುಂದಿನ ಮನೆಯತ್ತ ನಡೆಯುತ್ತಿದ್ದಾರೆ. ಶುಕ್ರವಾರ ಏಳು ಹೆಜ್ಜೆಯಾಯಿತು. ಶನಿವಾರ ಕಲ್ಯಾಣಪ್ಪ ಏಳಲೇ ಇಲ್ಲ. "ಒಯ್ಯಲಿ ಬಿಡು" ಎಂದು ಗೋಡೆಗೆ ತಿರುಗಿದರು. ಅಂದು ಶಾಂತಕುಮಾರ ಬಸ್ ನಿಲ್ದಾಣದಲ್ಲಿ ಮೂರು ಬಸ್ ಬಿಟ್ಟು ಅತ್ತಿಂದಿತ್ತ ತಿರುಗುತ್ತಿದ್ದರು. ಅರವತ್ತಮೂರು ಜನರನ್ನು ಎಬ್ಬಿಸಿದವರಿಗೆ ಆ ಹೊತ್ತು ಕೈ ಖಾಲಿ ಎನಿಸಿತು.

ಭಾನುವಾರ ಈಸ್ಟರ್. ಸೂರ್ಯ ಹುಟ್ಟುವ ಮೊದಲೇ ಸಭೆಯವರು ಸಮಾಧಿಗಳ ನಡುವೆ ಮೇಣದ ಬತ್ತಿ ಹಚ್ಚಿ, ಕ್ರಿಸ್ತನು ಎದ್ದಿದ್ದಾನೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹಬ್ಬ. ಸುಗುಣಾ ಅಲ್ಲಿದ್ದಾರೆ. ಶಾಂತಕುಮಾರ ಆ ಆರಾಧನೆಗೆ ಹೋಗಿ ಒಂಬತ್ತು ವರ್ಷವಾಯಿತು. ಹಿರಿಯರು ಗೊಣಗುವುದೂ ಗೊತ್ತಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಲ್ಯಾಣಪ್ಪನವರ ಮಂಚದ ಪಕ್ಕ ನಿಂತಿದ್ದಾರೆ. ಇಂದು ಹಬ್ಬವೆಂದು ಈ ಮನೆಯಲ್ಲಿ ಹೇಳಿಲ್ಲ. ಮಹೇಶಕುಮಾರ ಬಚ್ಚಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾನೆ.

"ಸಾವ್ಕಾರ್ರ, ಏಳ್ರಿ. ಇವತ್ತ ನಾ ಕೈ ಮುಗೀತೀನಿ."

ಕಲ್ಯಾಣಪ್ಪ ಗೋಡೆಯಿಂದ ಮುಖ ತಿರುಗಿಸಿದರು. ಆಮೇಲೆ ಮಗ್ಗುಲಿಗೆ ಹೊರಳಿದರು.

ಆರು. ಏಳು. ಎಂಟು. ಬಲಗಾಲು ನೆಲವನ್ನು ಉಜ್ಜುತ್ತ ಬರುತ್ತದೆ. ಒಂಬತ್ತಕ್ಕೆ ಮೈಯೆಲ್ಲ ನಡುಗಿ ನಿಂತುಬಿಟ್ಟರು. ಶಾಂತಕುಮಾರ ಮುಂದಕ್ಕೆ ನೂಕಲಿಲ್ಲ. ನೂಕಿದರೆ ಬೀಳುತ್ತಾರೆ. ಶಾರದಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಂಬತ್ತು ಅಂದರೆ ಹನ್ನೆರಡಲ್ಲ. ಕೋಣೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಮಹೇಶಕುಮಾರ ಕಟ್ಟಿದ ಕೈ ಬಿಚ್ಚಿದ. ಬಂದು ಅಪ್ಪನ ಇನ್ನೊಂದು ತೋಳಿನಡಿ ಹೆಗಲು ಕೊಟ್ಟ. ಐದು ತಿಂಗಳಲ್ಲಿ ಅವನು ತಂದೆಯನ್ನು ಹೀಗೆ ಹಿಡಿದದ್ದು ಇದೇ ಮೊದಲು. "ಮೂರ ಉಳದಾವ, ಅಪ್ಪಾ" ಎಂದ. ಮೂವರೂ ಸೇರಿ ಆ ಮೂರು ಹೆಜ್ಜೆ ಹಾಕಿದರು.

ಗಾಡಿ ಬೇಡವೆಂದು ಅವನು ಆಗಲೇ ಫೋನ್ ಮಾಡಿದ. ಆಮೇಲೆ ಮೆಟ್ಟಿಲವರೆಗೆ ಬಂದು, "ಹಿಡಿಯೂದು ನಂಗೂ ಕಲಿಸ್ರಿ. ದಿನಾ ಆಫೀಸಿಗೆ ಹೋಗೂಮುಂದ ನಾನೂ ನಿಲ್ಲಸ್ತೀನಿ" ಎಂದ. ಶಾಂತಕುಮಾರ ಹೂಂ ಎನ್ನುವಷ್ಟರಲ್ಲಿ ಒಂದು ಮಹಡಿ ಇಳಿದಾಗಿತ್ತು. ಮುಂದಿನ ಮನೆಯಲ್ಲಿ ತೊಂಬತ್ತೊಂದರ ಅಜ್ಜಿ ಕಾಯುತ್ತಿದ್ದಾರೆ. ಬೆನ್ನಿಗೇ ಇಳಿಯುತ್ತ ನಾವು ನಿಮಗೇನು ಆಸೆ ಎಂದು ಕೇಳಿದರೆ ಮೆಟ್ಟಿಲ ಕಟಾಂಜನ ಹಿಡಿದು ಒಂದು ಕ್ಷಣ ನಿಂತರು. ಇಡೀ ನಾಲ್ಕು ದಿನದಲ್ಲಿ ಅವರು ಸುಮ್ಮನೆ ನಿಂತದ್ದು ಆಗೊಮ್ಮೆ ಮಾತ್ರ.

"ಒಂದ ಆಸೆ ಐತ್ರಿ. ನಾ ಬಂದು ಬೆಲ್ ಒತ್ತಬೇಕು. ಸಾವ್ಕಾರ್ರು ತಾವ ನಡಕೊಂತ ಬಂದು ಬಾಗಲಾ ತಗೀಬೇಕು. 'ಶಾಂತಕುಮಾರ, ನಾಳಿಂದ ನೀ ಬರೂದು ಬ್ಯಾಡ' ಅನಬೇಕು."