ವೈನಿ ಬರೆದ ಹದಿನಾಲ್ಕು ಸಾಲು

ಮೊನ್ನೆ ಹಳೆಯ ಪೆನ್ನಿಗೆ ಶಾಯಿ ತುಂಬಲು ಹೋಗಿ ಮೊಮ್ಮಗಳು ಬಾಟಲಿಯನ್ನೇ ಉರುಳಿಸಿದಳು. ಆ ವಾಸನೆಯ ಜೊತೆಗೆ ಹತ್ತಾರು ಸಂಸಾರಗಳಿದ್ದ ಪುಣೆಯ ನಮ್ಮ ವಾಡೆ ನೆನಪಾಯಿತು, ಅತ್ತಿಗೆ ಎನ್ನುವ ಹಾಗೆ ನಾವೆಲ್ಲ ವೈನಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ನೆನಪಾದರು…

ಚಲೇಜಾವ್ ಚಳವಳಿಯ ಮರುವರ್ಷ ಅದು. ವೈನಿಯ ಯಜಮಾನರು ಧಾರವಾಡದಲ್ಲಿ ಸಾಲಿ ಮಾಸ್ತರರು. ಅವರನ್ನು ಹಿಡಿದು ಪುಣೆಯ ಜೈಲಿಗೆ ತಂದಿದ್ದರು. ಹತ್ತಿರವಾದರೂ ಇರೋಣವೆಂದು ವೈನಿ ನಮ್ಮ ವಾಡೆಯಲ್ಲಿದ್ದ ತಮ್ಮ ಅಣ್ಣನ ಮನೆಗೆ ಬಂದು ಉಳಿದಿದ್ದರು. ಕೈದಿಗಳ ಕಾಗದ ಓದಿ ನೋಡುವವರಿಗೆ ಕನ್ನಡ ಬಾರದು. ಕನ್ನಡದಲ್ಲಿ ಬರೆದದ್ದು ವಾರಗಟ್ಟಲೆ ಅಲ್ಲೇ ಬಿದ್ದಿರುತ್ತಿತ್ತು. ಇಂಗ್ಲಿಷಿನದಾದರೆ ಬೇಗ ಮುಟ್ಟುತ್ತಿತ್ತು. ನಾನು ಕಾಲೇಜು ಓದುತ್ತಿದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ಎಲ್ಲಾರೂ ಆರಾಮ ಇದ್ದೀವಿ ಅಂತ ಬರಿ," ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನದನ್ನು ನನ್ನಂಥ ಹತ್ತೊಂಬತ್ತರ ಹುಡುಗಿಯ ಮುಂದೆ ಹೇಳಲು ನಾಚಿಕೆ.

ಒಂದು ಮಧ್ಯಾಹ್ನ ಪರೀಕ್ಷೆಗಾಗಿ ಹದಿನಾಲ್ಕು ಸಾಲಿನ ಹಳೆಯ ಇಂಗ್ಲಿಷ್ ಸಾನೆಟ್ ಒಂದನ್ನು ಬಾಯಿಪಾಠ ಮಾಡುತ್ತಿದ್ದೆ. ಪ್ರೇಮಕವಿತೆಗಳಲ್ಲಿ ಅದಕ್ಕಿಂತ ಮೇಲಿನದಿಲ್ಲ ಎಂದು ಪ್ರೊಫೆಸರರು ಟಿಪ್ಪಣಿ ಬರೆಸಿದ್ದರು. ಅಕ್ಕಿ ಆರಿಸುತ್ತಿದ್ದ ವೈನಿ ಕೇಳಿದರು, "ಏನದ ಅದರಾಗ?"

ಕಾಲ ಏನೆಲ್ಲ ಕಿತ್ತುಕೊಂಡರೂ ತಾನು ಪ್ರೀತಿಸಿದ ಜೀವವನ್ನು ಬಿಟ್ಟುಕೊಡಲಾರೆ ಎಂದು ಕವಿ ಹಟ ಹಿಡಿದಿದ್ದಾನೆ ಅಂದೆ.

ವೈನಿಯ ಕೈ ಮೊರದಲ್ಲೇ ನಿಂತಿತು. "ಇದನ್ನ ಕಳಸೋಣು," ಅಂದರು. "ಆದರ ನೀ ಬರೀಬ್ಯಾಡ. ನಾನ ಬರೀತೀನಿ."

ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ನಾನು ಬರೆದುಕೊಟ್ಟದ್ದನ್ನು ನೋಡಿ ನೋಡಿ, ರಂಗೋಲಿ ಎಳೆಯುವ ಹಾಗೆ ಎಳೆದರು. ಒಂದೊಂದು ಪದಕ್ಕೂ ಅರ್ಥ ಕೇಳಿದರು. ಅರ್ಥವಾಗದ ಪದವನ್ನು ಬರೆಯಲೊಲ್ಲರು. ಮುಗಿಯುವಷ್ಟರಲ್ಲಿ ಹನ್ನೊಂದು ದಿನ ಕಳೆದವು.

ಉತ್ತರವೂ ಇಂಗ್ಲಿಷಿನಲ್ಲೇ ಬಂತು. ನಾನೇ ಓದಿ ಹೇಳಬೇಕಾಯಿತು. ಒಂಬತ್ತನೆಯ ಸಾಲಿನಲ್ಲಿ ಒಂದಕ್ಷರ ಹಿಂದುಮುಂದಾಗಿದೆ, ಅದರಿಂದಲೇ ಇದು ನಿನ್ನ ಕೈಬರಹವೆಂದು ತಿಳಿಯಿತು, ದಿನವೂ ಆ ಸಾಲನ್ನೇ ಓದುತ್ತೇನೆ ಎಂದು ಮಾಸ್ತರರು ಬರೆದಿದ್ದರು. ವೈನಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು, ಆಮೇಲೆ ಅತ್ತರು. "ಇನ್ನೊಮ್ಮಿ ಓದವಾ," ಅಂದರು.

ಮರುವರ್ಷ ಮಾಸ್ತರರು ಬಿಡುಗಡೆಯಾಗಿ ಬಂದರು, ಗುರುತು ಸಿಗದಷ್ಟು ಸೊರಗಿ. ವಾಡೆಯ ಮರಾಠಿ ಹೆಂಗಸರೆಲ್ಲ ಗಂಡಹೆಂಡತಿ ಏನು ಮಾತಾಡುತ್ತಾರೋ ಎಂದು ಕಾದು ನಿಂತಿದ್ದರು. ವೈನಿ ತಂಬಿಗೆ ಹಿಡಿದು ಬಂದು, ಮುಖವೆತ್ತದೆ, "ಕಾಲ ತೊಳಕೋರಿ," ಅಂದರು. ಅಷ್ಟೇ. ತಂಬಿಗೆಯ ನೀರು ಮಾತ್ರ ಅರ್ಧ ಚೆಲ್ಲಿಹೋಗಿತ್ತು.

ಮುಂದೆ ಅದೇ ಕವಿತೆಯನ್ನು ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ. ಸಾಹಿತ್ಯದಲ್ಲಿ ಅದರ ಸ್ಥಾನವೇನೆಂದು ದೊಡ್ಡವರು ಹೇಳಿದ್ದನ್ನೆಲ್ಲ ಹೇಳಿದೆ. ವೈನಿಯ ವಿಷಯ ಯಾವ ತರಗತಿಯಲ್ಲೂ ಬಾಯಿಗೆ ಬರಲಿಲ್ಲ… ಧಾರವಾಡಕ್ಕೆ ಹೋಗಿ ಅವರನ್ನು ಕಾಣಬೇಕೆಂದು ವರ್ಷ ವರ್ಷವೂ ಅಂದುಕೊಂಡೆ. ಕೊನೆಗೆ ಹೋದಾಗ ಮಾಸ್ತರರೊಬ್ಬರೇ ಕಟ್ಟೆಯ ಮೇಲೆ ಕೂತಿದ್ದರು. "ಆಕಿ ಹ್ವಾದ ಚೈತ್ರದಾಗ ಹೋದಳವಾ," ಅಂದರು.

ಈಗ ಅವರೂ ಇಲ್ಲ. ಆ ಕವಿತೆಯನ್ನು ನನಗೆ ಕಲಿಸಿದವರು ನೀವೇ ಎಂದು ವೈನಿಗೆ ಒಮ್ಮೆ ಹೇಳಬೇಕಿತ್ತು. ಹೇಳದೆಯೇ ಉಳಿಯಿತು…